ಎರಡು ಹಳೆಯ ಪೇಟೆಂಟ್ ಸೇರಿಸಿದರೆ ನಿಮ್ಮ ಹೊಸ ಐಡಿಯಾ ಆಗಿಬಿಡುತ್ತಾ?

ಪ್ರಶ್ನೆ: ನಾವು ಗದಗ ಕಡೆಯ ಮೂವರು ಗೆಳೆಯರು. ರೈತರ ಪಂಪ್‌ಸೆಟ್‌ಗೆ ಹಾಕುವ ಒಂದು ವೈರ್‌ಲೆಸ್ ಪೆಟ್ಟಿಗೆ ಮಾಡಿದ್ದೇವೆ. ತ್ರೀ ಫೇಸ್ ಕರೆಂಟ್ ಬಂದ ಕೂಡಲೇ ಊರಿನ ಎಲ್ಲ ಪೆಟ್ಟಿಗೆಗಳೂ ಒಟ್ಟಿಗೆ ಎದ್ದು ಗೇಟ್‌ವೇಗೆ, ಅಂದರೆ ಎಲ್ಲ ಪೆಟ್ಟಿಗೆಗಳ ಸಿಗ್ನಲ್ ಹಿಡಿಯುವ ನಡುವಿನ ಯಂತ್ರಕ್ಕೆ, ಸೇರಲು ಹೋಗುತ್ತವೆ. ಒಂದರ ಸಿಗ್ನಲ್ ಮೇಲೆ ಇನ್ನೊಂದು ಬಿದ್ದು ಯಾವುದೂ ಸೇರುವುದಿಲ್ಲ. ಇದಕ್ಕೆ ಒಂದು ದಾರಿ ಕಂಡುಕೊಂಡು ಪೇಟೆಂಟ್‌ಗೆ ಅರ್ಜಿ ಹಾಕಿದೆವು. ಈಗ ಚೆನ್ನೈ ಪೇಟೆಂಟ್ ಆಫೀಸಿನಿಂದ ಎಫ್‌ಇಆರ್, ಅಂದರೆ ಮೊದಲ ಪರೀಕ್ಷಾ ವರದಿ, ಬಂದಿದೆ. ಡಿ1, ಡಿ2 ಎಂದು ಎರಡು ಹಳೆಯ ಪೇಟೆಂಟ್ ತೋರಿಸಿ, ಎರಡನ್ನೂ ಸೇರಿಸಿದರೆ ನಿಮ್ಮದು ಯಾರಿಗಾದರೂ ಸಹಜವಾಗಿ ಹೊಳೆಯುವಂಥದ್ದು ಎಂದಿದ್ದಾರೆ. ಆದರೆ ಹಾಗೆ ಸೇರಿಸಿದವರು ಇದುವರೆಗೆ ಯಾರೂ ಇಲ್ಲ! ನಮ್ಮ ಮೂರು ವರ್ಷದ ಕೆಲಸ ಸುಮ್ನೆ ಹೋಯಿತಾ?

ಉತ್ತರ: ಹೋಗಿಲ್ಲ. ಆದರೆ ಪತ್ರದ ಜೊತೆ ನೀವು ಇಟ್ಟಿರುವ ಉತ್ತರದ ಕರಡನ್ನು ಹಾಗೇ ಕಳಿಸಿದರೆ ಹೋಗುತ್ತದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ನಿಮ್ಮ ಅರ್ಜಿ ಆಗಲೇ ಪೇಟೆಂಟ್ ಜರ್ನಲ್‌ನಲ್ಲಿ ಪ್ರಕಟವಾಗಿದೆ. ಹಾಗಾಗಿ ಅದರಲ್ಲಿ ಇರುವುದನ್ನು ಇಲ್ಲಿ ಬಿಡಿಸಿ ಹೇಳಿದರೆ ನಿಮಗೆ ನಷ್ಟವಿಲ್ಲ.

ಕರಡಿನಲ್ಲಿ ನೀವು ಹೇಳಿರುವುದು ಇಷ್ಟು. ಡಿ1ರಲ್ಲಿ ಮೊಬೈಲ್ ನೆಟ್‌ವರ್ಕ್ ಇದೆ, ಪಂಪ್ ಇಲ್ಲ. ಡಿ2ರಲ್ಲಿ ಪಂಪಿನ ಆಟೋ ಸ್ಟಾರ್ಟರ್ ಇದೆ, ರೇಡಿಯೋ ಇಲ್ಲ. ಎರಡೂ ಇರುವುದು ನಮ್ಮಲ್ಲಿ ಮಾತ್ರ. ಆದ್ದರಿಂದ ನಮ್ಮದು ಹೊಸದು. ಮಾತು ನಿಜ. ಆದರೆ ಎಕ್ಸಾಮಿನರ್ ಕೇಳಿದ್ದು ಅದನ್ನಲ್ಲ. ನಿಮ್ಮದು ಹೊಸದಲ್ಲ ಎಂದು ಅವರು ಎಲ್ಲೂ ಹೇಳಿಲ್ಲ. ಎಫ್‌ಇಆರ್ ಮತ್ತೊಮ್ಮೆ ತೆರೆದು ನೋಡಿ. ಹೊಸತನದ ಕಲಂ ಎದುರು ಆಕ್ಷೇಪಣೆ ಇಲ್ಲ. ಇನ್‌ವೆಂಟಿವ್ ಸ್ಟೆಪ್ ಕಲಂನಲ್ಲಿ ಮಾತ್ರ ಇದೆ.

ಇವೆರಡೂ ಬೇರೆ ಬೇರೆ. ಹೊಸತನ ಎಂದರೆ, ನಿಮ್ಮ ಕ್ಲೇಮಿನಲ್ಲಿ (ಇದು ನಮ್ಮದು ಎಂದು ಅರ್ಜಿಯಲ್ಲಿ ಹಕ್ಕು ಕೇಳುವ ಸಾಲುಗಳಲ್ಲಿ) ಇರುವುದೆಲ್ಲ ಒಂದೇ ಹಳೆಯ ದಾಖಲೆಯಲ್ಲಿ ಒಟ್ಟಿಗೆ ಇಲ್ಲದಿರುವುದು. ಇನ್‌ವೆಂಟಿವ್ ಸ್ಟೆಪ್ ಅದಕ್ಕಿಂತ ಮೇಲಿನ ಮೆಟ್ಟಿಲು. ಪೇಟೆಂಟ್ ಕಾಯ್ದೆಯ ಸೆಕ್ಷನ್ 2(1)(ಜೆಎ) ಎರಡು ಮಾತು ಕೇಳುತ್ತದೆ. ಒಂದು, ಇರುವ ತಿಳಿವಳಿಕೆಗಿಂತ ತಾಂತ್ರಿಕವಾಗಿ ಮುಂದೆ ಹೋಗಿರಬೇಕು, ಇಲ್ಲವೇ ಆರ್ಥಿಕ ಮಹತ್ವ ಇರಬೇಕು, ಅಥವಾ ಎರಡೂ ಇರಬೇಕು. ಇನ್ನೊಂದು, ಆ ಕಾರಣದಿಂದ ಅದು ಆ ಕಸುಬು ಬಲ್ಲವರಿಗೆ ಸಹಜವಾಗಿ ಹೊಳೆಯುವಂಥದ್ದಾಗಿರಬಾರದು. ನಮ್ಮ ಸುಪ್ರೀಂ ಕೋರ್ಟು ಈ ಬಗ್ಗೆ 1978ರಲ್ಲೇ ಹೇಳಿದೆ. ಬಿಶ್ವನಾಥ್ ಪ್ರಸಾದ್ ರಾಧೇಶ್ಯಾಮ್ ಮತ್ತು ಹಿಂದೂಸ್ತಾನ್ ಮೆಟಲ್ ಇಂಡಸ್ಟ್ರೀಸ್ ನಡುವಿನ ಪ್ರಕರಣ ಅದು. ಜಗಳ ಇದ್ದದ್ದು ಹಿತ್ತಾಳೆ ಪಾತ್ರೆ ಕಡೆಯುವಾಗ ಅದನ್ನು ಲೇತ್ ಮೇಲೆ ಹಿಡಿದು ನಿಲ್ಲಿಸುವ ಸಾಧನದ ಬಗ್ಗೆ. ವರ್ಕ್‌ಶಾಪಿನಲ್ಲಿ ದಿನಾ ಮಾಡಿಕೊಳ್ಳುವ ಸಣ್ಣಪುಟ್ಟ ಸುಧಾರಣೆ ಸಾಲದು, ಅದಕ್ಕಿಂತ ಹೆಚ್ಚಿನದು ಬೇಕು ಎಂದು ಕೋರ್ಟು ಹೇಳಿತು. ಆ ಪೇಟೆಂಟ್ ಉಳಿಯಲಿಲ್ಲ.

ನಿಮ್ಮ ಕರಡಿನ ತಪ್ಪನ್ನು ನಾನೂ ಮಾಡಿದ್ದೇನೆ. ಪೇಟೆಂಟ್ ಏಜೆಂಟ್ ಆದ ಹೊಸದರಲ್ಲಿ ಒಂದು ಎಫ್‌ಇಆರ್‌ಗೆ 11 ಪುಟದ ಉತ್ತರ ಬರೆದಿದ್ದೆ. ಐದು ಪುಟ ಡಿ1ರಲ್ಲಿ ಏನಿಲ್ಲ ಎಂದು, ಇನ್ನೈದು ಪುಟ ಡಿ2ರಲ್ಲಿ ಏನಿಲ್ಲ ಎಂದು. ಎರಡನ್ನೂ ಒಬ್ಬರು ಏಕೆ ಸೇರಿಸುತ್ತಿರಲಿಲ್ಲ ಎಂಬ ಬಗ್ಗೆ ಒಂದು ಪ್ಯಾರಾವೂ ಇರಲಿಲ್ಲ. ಅರ್ಜಿ ತಿರಸ್ಕಾರವಾಯಿತು. ಕಕ್ಷಿದಾರರ ಐಡಿಯಾ ಚೆನ್ನಾಗಿತ್ತು, ನನ್ನ ಉತ್ತರ ಕೆಟ್ಟದಾಗಿತ್ತು. ಅದು ಇವತ್ತಿಗೂ ನೋಯುತ್ತದೆ.

ಈಗ ನಿಮ್ಮ ಕ್ಲೇಮುಗಳಿಗೆ ಬರೋಣ. ಕ್ಲೇಮು 1ರ ಸಾರ ಹೀಗಿದೆ: ಕರೆಂಟ್ ಬಂದ ಮೇಲೆ ಪ್ರತಿ ಪೆಟ್ಟಿಗೆಯೂ ವೋಲ್ಟೇಜ್ ಅಳೆದು, ಮೊದಲೇ ಗೊತ್ತುಮಾಡದ, ಮನಬಂದ ಒಂದಿಷ್ಟು ಹೊತ್ತು ಕಾದು, ಆಮೇಲೆ ಗೇಟ್‌ವೇಯನ್ನು ಕರೆಯುವುದು. ಇದನ್ನು ಇದ್ದಂತೆಯೇ ಹಿಡಿದು ಕೂರಬೇಡಿ. ಕೇಳಲು ಬೇಸರವಾಗಬಹುದು, ಆದರೆ ಇದು ನಿಲ್ಲುವುದಿಲ್ಲ.

ಏಕೆಂದರೆ ಎಲ್ಲರೂ ಒಟ್ಟಿಗೆ ಮಾತಾಡಿದರೆ ಯಾರದೂ ಕೇಳಿಸುವುದಿಲ್ಲ ಎನ್ನುವ ತಾಪತ್ರಯ ವೈರ್‌ಲೆಸ್‌ನಲ್ಲಿ 50 ವರ್ಷದಷ್ಟು ಹಳೆಯದು. 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದಲ್ಲಿ ನಾರ್ಮನ್ ಅಬ್ರಾಮ್‌ಸನ್ ಅವರ ತಂಡ ಅಲೋಹಾ ಎಂಬ ರೇಡಿಯೋ ಜಾಲ ನಡೆಸಿತು. ದ್ವೀಪಗಳ ಕಂಪ್ಯೂಟರ್ ಟರ್ಮಿನಲ್‌ಗಳು ಬೇಕಾದಾಗ ಸಂದೇಶ ಕಳಿಸುತ್ತಿದ್ದವು. ಡಿಕ್ಕಿಯಾದರೆ ಪ್ರತಿಯೊಂದೂ ಮನಬಂದಷ್ಟು ಹೊತ್ತು ಕಾದು ಮತ್ತೆ ಕಳಿಸುತ್ತಿದ್ದವು. ಆ ಪದ್ಧತಿಯಲ್ಲಿ ಚಾನೆಲ್‌ನ ಸುಮಾರು 18% ಮಾತ್ರ ಉಪಯೋಗಕ್ಕೆ ಬರುತ್ತದೆ. ಹೊತ್ತನ್ನು ಸ್ಲಾಟ್‌ಗಳಾಗಿ ಕತ್ತರಿಸಿದರೆ ಸುಮಾರು 37%ಗೆ ಏರುತ್ತದೆ. ಇವತ್ತಿನ 4ಜಿ ಫೋನು ಟವರ್ ಹಿಡಿಯುವುದೂ ಇದೇ ವಂಶದ ಕ್ರಮದಲ್ಲಿ. ಒಂದು ಸೆಲ್‌ನಲ್ಲಿ, ಅಂದರೆ ಟವರಿನ ಒಂದು ವ್ಯಾಪ್ತಿಯಲ್ಲಿ, 64 ಪ್ರಿಯಾಂಬಲ್‌ಗಳು, ಎಂದರೆ ಕರೆಯುವ ಗುರುತಿನ ಸಿಗ್ನಲ್‌ಗಳು, ಇರುತ್ತವೆ. ಫೋನು ಅದರಲ್ಲಿ ಒಂದನ್ನು ಆರಿಸಿ ಕೂಗುತ್ತದೆ. ಇಬ್ಬರು ಒಂದನ್ನೇ ಆರಿಸಿದರೆ ಡಿಕ್ಕಿ. ಗಲಾಟೆ ಜಾಸ್ತಿ ಆದರೆ 960 ಮಿಲಿಸೆಕೆಂಡ್‌ವರೆಗಿನ ಅವಧಿಯೊಳಗೆ ಎಷ್ಟಾದರೂ ಕಾದು ಬಾ ಎಂದು ಟವರ್ ಹೇಳಬಹುದು. ಮೊಬೈಲ್ ಮಾನದಂಡ ರೂಪಿಸುವ ತ್ರೀಜಿಪಿಪಿ ಸಂಸ್ಥೆ 2011ರಲ್ಲಿ 37.868 ಸಂಖ್ಯೆಯ ಅಧ್ಯಯನ ವರದಿ ಮಾಡಿತು. ಅದರಲ್ಲಿ 10 ಸೆಕೆಂಡ್ ಒಳಗೆ 30,000 ಯಂತ್ರಗಳು ಒಂದೇ ಸೆಲ್‌ಗೆ ನುಗ್ಗಿದರೆ ಏನಾಗುತ್ತದೆ ಎಂದೇ ಲೆಕ್ಕ ಹಾಕಿದ್ದಾರೆ. ಪಂಪಿನ ಪೆಟ್ಟಿಗೆಗಳು ಒಟ್ಟಿಗೆ ಏಳುವುದು ಈ ಕಸುಬು ಬಲ್ಲವರಿಗೆ ಹೊಸ ಸಂಗತಿಯಲ್ಲ. ಕಾದು ಕರೆಯುವುದು ಹೊಸ ಮದ್ದೂ ಅಲ್ಲ. ಅದಕ್ಕೆ ವೋಲ್ಟೇಜ್ ಅಳೆಯುವ ಮೀಟರ್ ಅಂಟಿಸಿದರೆ ಅದು ವರ್ಕ್‌ಶಾಪ್ ಸುಧಾರಣೆಯೇ.

ನಿಮ್ಮ ನಿಜವಾದ ಆಸ್ತಿ ಇರುವುದು ಕ್ಲೇಮು 4ರಲ್ಲಿ, ಲೈನಿನ ವೋಲ್ಟೇಜ್ ಕುಸಿತ ನೋಡಿ ಗೇಟ್‌ವೇಯನ್ನು ಕರೆಯುವುದರಲ್ಲಿ. ಅದನ್ನು ನೀವು ಎರಡು ಸಾಲಿನಲ್ಲಿ ಮುಗಿಸಿದ್ದೀರಿ. ಕರಡಿನಲ್ಲಂತೂ ಅದರ ಹೆಸರೇ ಇಲ್ಲ!

ನೀವು ಕಳಿಸಿದ ನೋಟ್‌ಬುಕ್ ಪುಟಗಳಲ್ಲಿ ಒಂದನ್ನು ನಾನು ಎರಡು ಸಲ ಓದಿದೆ. ರಾತ್ರಿ ಪಾಳಿಯ ಕರೆಂಟ್ ಬಂದ ಹೊತ್ತು ಬರೆದಿದ್ದೀರಿ. ಕೆಳಗೆ ಒಂದರ ಹಿಂದೆ ಒಂದು, ವೋಲ್ಟೇಜ್ ಕ್ಷಣಕಾಲ ಕುಸಿದ ಗುರುತುಗಳು. ಅಂಚಿನಲ್ಲಿ ಪೆನ್ಸಿಲ್‌ನಲ್ಲಿ: "ಗುಡ್ಡದ ಆಚೆಯ ಮೋಟರ್ ಇರಬೇಕು. ರೇಡಿಯೋದಲ್ಲಿ ಕೇಳಿಸಲಿಲ್ಲ, ವೈರಿನಲ್ಲಿ ಕಾಣಿಸಿತು." ನಿಮ್ಮ ಇಡೀ ಇನ್ವೆನ್ಷನ್ ಆ ಪೆನ್ಸಿಲ್ ಸಾಲಿನಲ್ಲಿದೆ.

ಓದುವ ಬೇರೆಯವರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ವೈರ್‌ಲೆಸ್‌ನಲ್ಲಿ ಮಾತಾಡುವ ಮೊದಲು ಕಿವಿಗೊಟ್ಟು ಕೇಳುವುದು ಹಳೆಯ ಪದ್ಧತಿ. ಯಾರಾದರೂ ಮಾತಾಡುತ್ತಿದ್ದರೆ ಸುಮ್ಮನಿರುವುದು. ಆದರೆ ಇಬ್ಬರ ನಡುವೆ ಗುಡ್ಡ ಇದ್ದರೆ ಒಬ್ಬರಿಗೆ ಇನ್ನೊಬ್ಬರ ದನಿ ಕೇಳುವುದಿಲ್ಲ. ನಡುವೆ ಕೂತ ಗೇಟ್‌ವೇಗೆ ಮಾತ್ರ ಇಬ್ಬರದೂ ಕೇಳಿ ಕಲಸಿಹೋಗುತ್ತದೆ. ಇದಕ್ಕೆ ಹಿಡನ್ ಟರ್ಮಿನಲ್ ಸಮಸ್ಯೆ ಎನ್ನುತ್ತಾರೆ. ಟೊಬಾಗಿ ಮತ್ತು ಕ್ಲೈನ್‌ರಾಕ್ 1975ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ನೀವು ಗಮನಿಸಿದ್ದು ಬೇರೆ. ಗುಡ್ಡದ ಈಚೆಯ ಪೆಟ್ಟಿಗೆಗೆ ಆಚೆಯದರ ರೇಡಿಯೋ ಕೇಳುವುದಿಲ್ಲ. ಆದರೆ ಎರಡೂ ಒಂದೇ ವಿದ್ಯುತ್ ಲೈನಿನಲ್ಲಿವೆ. ಆಚೆಯ ಪೆಟ್ಟಿಗೆ ಗೇಟ್‌ವೇಗೆ ಸೇರಿ, ಅನುಮತಿ ಪಡೆದು, ಮೋಟರ್ ಚಾಲೂ ಮಾಡುತ್ತದೆ. ಚಾಲೂ ಆಗುವಾಗ ಮೋಟರ್ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಲೈನಿನ ವೋಲ್ಟೇಜ್ ಒಂದು ಕ್ಷಣ ಕುಸಿಯುತ್ತದೆ. ಈಚೆಯ ಪೆಟ್ಟಿಗೆ ಆ ಕುಸಿತ ಕಂಡು, ಅವರ ಸರದಿ ಮುಗಿಯಿತು, ಈಗ ದಾರಿ ಖಾಲಿ ಎಂದು ತಿಳಿದುಕೊಳ್ಳುತ್ತದೆ. ರೇಡಿಯೋ ಹೇಳಲಾರದ್ದನ್ನು ಕರೆಂಟಿನ ತಂತಿ ಹೇಳುತ್ತಿದೆ. ನನಗೆ ಇದು ತುಂಬ ಹಿಡಿಸಿತು.

ಈಗ ಡಿ1 ಮತ್ತು ಡಿ2ನ್ನು ಇದರ ಎದುರು ಇಟ್ಟು ನೋಡಿ. ಯೂರೋಪಿನ ಪೇಟೆಂಟ್ ಆಫೀಸು ಇಂಥಲ್ಲಿ ಒಂದು ಪ್ರಶ್ನೆ ಕೇಳುತ್ತದೆ. ಅದು ಕನ್ನಡದಲ್ಲಿ ಇನ್ನೂ ಚೆನ್ನಾಗಿ ಕೂರುತ್ತದೆ. ಕಸುಬು ಬಲ್ಲವರು ಹೀಗೆ "ಮಾಡಬಹುದಿತ್ತಾ" ಎಂಬುದು ಪ್ರಶ್ನೆಯಲ್ಲ. ಅವರು ಹೀಗೆ "ಮಾಡುತ್ತಿದ್ದರಾ" ಎಂಬುದು ಪ್ರಶ್ನೆ. ಮಾಡಬಹುದಿತ್ತು ಎಂದರೆ ಲೋಕದಲ್ಲಿ ಏನನ್ನು ಬೇಕಾದರೂ ಮಾಡಬಹುದಿತ್ತು. ಮಾಡುತ್ತಿದ್ದರು ಎನ್ನಬೇಕಾದರೆ ಆ ಕಡೆ ತಳ್ಳುವ ಒಂದು ಕಾರಣ ಬೇಕು.

ಡಿ1ರಲ್ಲಿ ಆ ಕಾರಣ ಇದೆಯಾ? ಇಲ್ಲ. ಅಲ್ಲಿ ಯಾರು ಎಷ್ಟು ಹೊತ್ತು ಕಾಯಬೇಕು ಎಂದು ಟವರೇ ಎಲ್ಲರಿಗೂ ಸಾರುತ್ತದೆ. ಡಿ1 ಓದಿದ ಎಂಜಿನಿಯರ್‌ಗೆ ಬೇರೆ ಸುಳಿವು ಹುಡುಕುವ ಅಗತ್ಯವೇ ಬೀಳುವುದಿಲ್ಲ. ಇನ್ನು ಡಿ2. ಅದು ವೋಲ್ಟೇಜ್ ಅಳೆಯುವುದು ಮೋಟರ್ ಸುಟ್ಟುಹೋಗದಿರಲಿ ಎಂದು. ಅದರ ವಿವರಣೆಯ ನಡುವೆ ಒಂದು ಪ್ಯಾರಾ ಇದೆ. ನೀವು ಅದಕ್ಕೆ ಗುರುತು ಹಾಕಿಲ್ಲ. ಪಕ್ಕದ ಮೋಟರ್‌ಗಳು ಚಾಲೂ ಆದಾಗ ಬರುವ ಕ್ಷಣಕಾಲದ ಕುಸಿತವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು, ಅದಕ್ಕಾಗಿ ಒಂದು ಫಿಲ್ಟರ್ ಹಾಕಿದ್ದೇವೆ ಎನ್ನುತ್ತದೆ ಆ ಪ್ಯಾರಾ. ಅಂದರೆ ನೀವು ಯಾವುದನ್ನು ಸುದ್ದಿ ಎಂದು ಓದುತ್ತೀರೋ, ಅದನ್ನೇ ಡಿ2 ಕಸ ಎಂದು ಸೋಸಿ ಹಾಕುತ್ತದೆ! ಡಿ2 ಹೇಳಿದಂತೆ ನಡೆದವರು ನಿಮ್ಮ ದಾರಿಗೆ ಬರುವುದಿಲ್ಲ, ಅದರಿಂದ ದೂರ ಹೋಗುತ್ತಾರೆ. ಇನ್‌ವೆಂಟಿವ್ ಸ್ಟೆಪ್ ವಾದದಲ್ಲಿ ಇದಕ್ಕಿಂತ ಬಲವಾದ ಅಸ್ತ್ರ ಸಿಗುವುದು ಅಪರೂಪ. ಎಕ್ಸಾಮಿನರ್ ಎತ್ತಿ ತೋರಿಸಿದ ದಾಖಲೆಯಲ್ಲೇ ಅದು ಇದೆ. ಅದಕ್ಕೇ ಹೇಳುವುದು, ಎದುರಿಗೆ ಇಟ್ಟ ದಾಖಲೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಬೇಕು. ಸಾರಾಂಶ ಓದಿ ಉತ್ತರ ಬರೆಯಬಾರದು.

"ಸೇರಿಸುವುದಕ್ಕೆ ಕಾರಣ ಇತ್ತಾ" ಎಂಬ ಈ ಒಂದು ಪ್ರಶ್ನೆ ಎಷ್ಟು ದೊಡ್ಡದು ಎಂದು ತಿಳಿಯಲು ವೈಫೈ ಕಥೆ ನೋಡಬೇಕು. 1990ರ ದಶಕದ ಶುರುವಿನಲ್ಲಿ ಆಸ್ಟ್ರೇಲಿಯಾದ ಸರ್ಕಾರಿ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಒದಲ್ಲಿ ಜಾನ್ ಓ'ಸಲಿವನ್ ಮತ್ತು ಜೊತೆಯ ನಾಲ್ವರು ಕಟ್ಟಡದ ಒಳಗೆ ವೇಗದ ವೈರ್‌ಲೆಸ್ ಜಾಲ ಮಾಡಲು ಹೊರಟರು. ಓ'ಸಲಿವನ್ ಮೂಲತಃ ರೇಡಿಯೋ ಖಗೋಳದವರು. ಸಿಡಿಯುವ ಪುಟ್ಟ ಕಪ್ಪುಕುಳಿಗಳ ರೇಡಿಯೋ ಮಿಂಚನ್ನು ಹುಡುಕಿದವರು. ಅದು ಸಿಗಲಿಲ್ಲ. ಕಲಸಿಹೋದ ಸಿಗ್ನಲ್ ಬಿಡಿಸುವ ಗಣಿತ ಕೈಯಲ್ಲಿ ಉಳಿಯಿತು.

ಕಟ್ಟಡದ ಒಳಗಿನ ತೊಂದರೆ ಪ್ರತಿಧ್ವನಿ. ರೇಡಿಯೋ ಅಲೆ ಗೋಡೆ, ಬೀರು, ಬಾಗಿಲಿಗೆ ಬಡಿದು ಹಲವು ದಾರಿಯಲ್ಲಿ ಬರುತ್ತದೆ. ಸೆಕೆಂಡಿಗೆ ಒಂದು ಕೋಟಿ ಬಿಟ್ ಕಳಿಸಿದರೆ ಒಂದು ಬಿಟ್‌ಗೆ ಸಿಗುವುದು 100 ನ್ಯಾನೊಸೆಕೆಂಡ್. ಅಷ್ಟರಲ್ಲಿ ಅಲೆ 30 ಮೀಟರ್ ಹೋಗುತ್ತದೆ. ನಾಲ್ಕು ಗೋಡೆಗೆ ಬಡಿದು ಬಂದ ಪ್ರತಿಧ್ವನಿ ಸಲೀಸಾಗಿ ಮುಂದಿನ ಬಿಟ್ ಮೇಲೆ ಬೀಳುತ್ತದೆ. ಅವರ ಮದ್ದು ಮೂರು ಸಂಗತಿಗಳ ಕೂಟ. ಒಂದು ವೇಗದ ಹರಿವನ್ನು ಹಲವು ನಿಧಾನದ ಹರಿವುಗಳಾಗಿ ಸೀಳಿ ಬೇರೆ ಬೇರೆ ಕಂಪನಾಂಕಗಳಲ್ಲಿ ಕಳಿಸುವುದು. ತಪ್ಪು ತಿದ್ದುವ ಸಂಕೇತ ಸೇರಿಸುವುದು. ಬಿಟ್‌ಗಳ ಕ್ರಮವನ್ನು ಕಲಸಿ ಹರಡುವುದು, ಒಂದು ಕಡೆ ಪೆಟ್ಟು ಬಿದ್ದರೂ ಎಲ್ಲ ಒಟ್ಟಿಗೆ ಹಾಳಾಗದಂತೆ. 1992ರ ನವೆಂಬರ್‌ನಲ್ಲಿ ಆಸ್ಟ್ರೇಲಿಯಾದಲ್ಲಿ ಅರ್ಜಿ ಹಾಕಿದರು. 1996ರ ಜನವರಿಯಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು.

ಮುಂದೆ ವೈಫೈ ಸಾಧನ ಮಾರುವ ಕಂಪನಿಗಳ ಜೊತೆ ಈ ಪೇಟೆಂಟ್ ಜಗಳ ಅಮೆರಿಕದ ಕೋರ್ಟಿಗೆ ಹೋಯಿತು. ಅಲ್ಲಿ ಕಂಪನಿಗಳ ವಾದ ನಿಮ್ಮ ಎಫ್‌ಇಆರ್‌ನಲ್ಲಿ ಇರುವಂಥದ್ದೇ. ಈ ಮೂರರಲ್ಲಿ ಹೊಸದು ಯಾವುದು? ಹರಿವನ್ನು ಸೀಳುವ ವಿದ್ಯೆ 1966ರಲ್ಲೇ ಬೆಲ್ ಲ್ಯಾಬ್ಸ್‌ನ ರಾಬರ್ಟ್ ಚಾಂಗ್ ಅವರ ಲೇಖನದಲ್ಲಿದೆ. ಹೊರಾಂಗಣದ ಡಿಜಿಟಲ್ ರೇಡಿಯೋ ಪ್ರಸಾರಕ್ಕೆ ಮೂರನ್ನೂ ಒಟ್ಟಿಗೆ ಬಳಸುವ ಕೆಲಸ 1980ರ ದಶಕದ ಕೊನೆಗೇ ಆಗಿತ್ತು. 2006ರಲ್ಲಿ ಟೆಕ್ಸಾಸ್‌ನ ಕೋರ್ಟು, ಬಫಲೋ ಕಂಪನಿಯ ವಿರುದ್ಧದ ಪ್ರಕರಣದಲ್ಲಿ, ವಿಚಾರಣೆ ಪೂರ್ತಿ ನಡೆಸದೆಯೇ ಪೇಟೆಂಟ್ ಗಟ್ಟಿ ಎಂದಿತು. ಅಷ್ಟರಲ್ಲಿ 2007ರ ಏಪ್ರಿಲ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಕೆಎಸ್‌ಆರ್ ಪ್ರಕರಣದಲ್ಲಿ, ಅದು ಕಾರಿನ ಪೆಡಲ್ ಬಗ್ಗೆ, ಈ ವಿಚಾರದ ಅಳತೆಗೋಲನ್ನು ಸಡಿಲಿಸಿತು. ಸೇರಿಸಿ ಎಂದು ಹಳೆಯ ದಾಖಲೆಯೇ ಬಾಯಿಬಿಟ್ಟು ಹೇಳಿರಬೇಕಾಗಿಲ್ಲ, ಕಸುಬು ಬಲ್ಲವರಿಗೆ ಸ್ವಂತ ಬುದ್ಧಿಯೂ ಇರುತ್ತದೆ ಎಂದಿತು. 2008ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಮೇಲ್ಮನವಿ ಕೋರ್ಟು ವೈಫೈ ಪ್ರಕರಣದ ಬೇರೆ ಅಂಶಗಳನ್ನು ಬಹುಪಾಲು ಎತ್ತಿಹಿಡಿದು, ಸಹಜವಾಗಿ ಹೊಳೆಯುತ್ತಿತ್ತೇ ಎಂಬ ಒಂದು ಪ್ರಶ್ನೆಯನ್ನು ಮತ್ತೆ ವಿಚಾರಣೆಗೆ ವಾಪಸ್ ಕಳಿಸಿತು. ಆ ಪ್ರಶ್ನೆಗೆ ಕೊನೆಗೂ ತೀರ್ಪು ಬರಲಿಲ್ಲ. 2009ರಲ್ಲಿ 14 ಕಂಪನಿಗಳು ರಾಜಿ ಮಾಡಿಕೊಂಡವು. 2012ರಲ್ಲಿ ಇನ್ನಷ್ಟು ರಾಜಿಗಳಾದವು. ಸಂಸ್ಥೆಗೆ ಒಟ್ಟು 43 ಕೋಟಿ ಆಸ್ಟ್ರೇಲಿಯನ್ ಡಾಲರ್‌ಗೂ ಹೆಚ್ಚು ಬಂತು.

ನನ್ನ ಅಭಿಪ್ರಾಯ ಕೇಳಿದರೆ, ಆ ಪೇಟೆಂಟ್‌ಗೆ ಅರ್ಹತೆ ಇತ್ತು. ಬಿಡಿಭಾಗಗಳು ಎಲ್ಲರ ಕಣ್ಣೆದುರೂ ಇದ್ದವು. ಕಟ್ಟಡದೊಳಗಿನ ಕಂಪ್ಯೂಟರ್ ಜಾಲಕ್ಕೆ ಅವನ್ನು ತಂದು ಕೂರಿಸಬೇಕು ಎಂದು ತೋಚಿದ್ದು ಕೆಲವರಿಗೆ ಮಾತ್ರ. ಆದರೆ ಒಪ್ಪದ ಒಳ್ಳೆಯ ಎಂಜಿನಿಯರ್‌ಗಳೂ ಇದ್ದಾರೆ. ಅವರ ವಾದ ಹುರುಳಿಲ್ಲದ್ದಲ್ಲ.

ನೋಡಿದ ಮೇಲೆ ಎಲ್ಲ ಸುಲಭ, ಅಲ್ವಾ? "ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ" ಎಂಬ ಒಗಟನ್ನು ಮಗುವಿಗೆ ಹೇಳಿ. ಅದು ತಲೆ ಕೆರೆದುಕೊಳ್ಳುತ್ತದೆ. ಮಲ್ಲಿಗೆ ಎಂದು ಹೇಳಿದ ಮೇಲೆ, ಅಯ್ಯೋ ಅಷ್ಟೇನಾ ಎನ್ನುತ್ತದೆ. ಪೇಟೆಂಟ್ ಪರೀಕ್ಷೆಯ ಅಪಾಯವೂ ಇದೇ. ಎಕ್ಸಾಮಿನರ್ ಮೊದಲು ನಿಮ್ಮ ಅರ್ಜಿ ಓದುತ್ತಾರೆ, ಆಮೇಲೆ ಹಳೆಯ ದಾಖಲೆ ಹುಡುಕುತ್ತಾರೆ. ಉತ್ತರ ಗೊತ್ತಿಟ್ಟುಕೊಂಡೇ ಒಗಟಿಗೆ ಕೂರುತ್ತಾರೆ. ಇದು ಅವರ ತಪ್ಪಲ್ಲ, ಕೆಲಸದ ಸ್ವರೂಪವೇ ಹಾಗೆ. ಅದಕ್ಕೇ ಕಾನೂನು ಅವರ ಮೇಲೂ ಒಂದು ಹೊಣೆ ಹೊರಿಸಿದೆ. 2015ರಲ್ಲಿ ರೋಷ್ ಮತ್ತು ಸಿಪ್ಲಾ ಪ್ರಕರಣದಲ್ಲಿ ದೆಹಲಿ ಹೈಕೋರ್ಟು, ಪ್ರಯಾರಿಟಿ ದಿನಾಂಕದಂದು, ಅಂದರೆ ಮೊದಲ ಅರ್ಜಿ ಹಾಕಿದ ದಿನದಂದು, ಏನು ಗೊತ್ತಿತ್ತೋ ಅದರ ಮೇಲೆ ಮಾತ್ರ ನಿಂತು, ಆಮೇಲಿನ ತಿಳಿವಳಿಕೆ ಬೆರೆಸದೆ ನೋಡಬೇಕು ಎಂದಿತು. 2022ರಲ್ಲಿ ಅಗ್ರಿಬೋರ್ಡ್ ಇಂಟರ್‌ನ್ಯಾಷನಲ್ ಪ್ರಕರಣದಲ್ಲಿ ಅದೇ ಕೋರ್ಟು ಇನ್ನೂ ಬಿಡಿಸಿ ಹೇಳಿತು. ಅರ್ಜಿ ತಿರಸ್ಕರಿಸುವಾಗ ಹಳೆಯ ದಾಖಲೆಯಲ್ಲಿ ಏನಿದೆ, ಅರ್ಜಿಯಲ್ಲಿ ಏನಿದೆ, ಕಸುಬು ಬಲ್ಲವರು ಒಂದರಿಂದ ಇನ್ನೊಂದಕ್ಕೆ ಹೇಗೆ ಬರುತ್ತಾರೆ, ಈ ಮೂರನ್ನೂ ಚರ್ಚಿಸಬೇಕು. ಸುಮ್ಮನೆ ಹೊಳೆಯುತ್ತದೆ ಎಂದು ಬರೆದರೆ ಸಾಲದು. ನಿಮ್ಮ ಎಫ್‌ಇಆರ್‌ನಲ್ಲಿ ಮೊದಲೆರಡು ಇವೆ, ಮೂರನೆಯದು ಇಲ್ಲ. ಇದನ್ನು ಉತ್ತರದಲ್ಲಿ ಮರ್ಯಾದೆಯಿಂದ ಎತ್ತಿ ತೋರಿಸಿ.

ಇನ್ನು ಕೆಲಸದ ಮಾತು. ಎಫ್‌ಇಆರ್ ದಿನಾಂಕದಿಂದ ಆರು ತಿಂಗಳೊಳಗೆ ಉತ್ತರ ಹೋಗಬೇಕು. ಆ ಅವಧಿ ಮುಗಿಯುವ ಮುಂಚೆ ಕೇಳಿಕೊಂಡರೆ ಮೂರು ತಿಂಗಳು ಹೆಚ್ಚಿಗೆ ಸಿಗುತ್ತದೆ. ಅದನ್ನು ನಂಬಿ ಕೂರಬೇಡಿ. ಕ್ಲೇಮು 4ನ್ನು ಮೇಲೆತ್ತಿ ಕ್ಲೇಮು 1ರೊಳಗೆ ಸೇರಿಸಿ. ಸೆಕ್ಷನ್ 59ರ ಪ್ರಕಾರ ತಿದ್ದುಪಡಿ ಹಳೆಯ ಕ್ಲೇಮಿನ ಬೇಲಿಯೊಳಗೇ ಇರಬೇಕು, ಮೂಲ ಅರ್ಜಿಯಲ್ಲಿ ಇಲ್ಲದ ವಿಷಯ ತರುವಂತಿಲ್ಲ. ಕ್ಲೇಮು 4 ಮೊದಲಿಂದಲೂ ಇದ್ದದ್ದರಿಂದ ಈ ತೊಡಕಿಲ್ಲ. ಬೇಲಿ ಕಿರಿದಾಗುತ್ತದೆ, ನಿಜ. ಆದರೆ ನಿಮ್ಮ ಪೈಪೋಟಿದಾರರು ಕದಿಯಲು ಬರುವುದು ಕುಸಿತದ ಐಡಿಯಾವನ್ನೇ.

ಉತ್ತರದಲ್ಲಿ ಡಿ2ರ ಆ ಫಿಲ್ಟರ್ ಪ್ಯಾರಾವನ್ನು ಅಕ್ಷರಶಃ ಎತ್ತಿ ಬರೆಯಿರಿ. ಸುಮ್ಮನೆ ಕಾದು ಕರೆದಾಗ ಎಷ್ಟು ಪೆಟ್ಟಿಗೆ ಎಷ್ಟು ಹೊತ್ತಿಗೆ ಸೇರಿದವು, ಕುಸಿತ ನೋಡಿ ಕರೆದಾಗ ಎಷ್ಟು ಎಂಬ ಹೋಲಿಕೆಯನ್ನು ಒಂದು ಪಟ್ಟಿ ಮಾಡಿ. ಅದನ್ನು ಅಫಿಡವಿಟ್ ಜೊತೆ ಕೊಡಿ. ನಿಮ್ಮ ನೋಟ್‌ಬುಕ್‌ನಲ್ಲಿ ಎರಡೂ ಬಗೆಯ ರಾತ್ರಿಗಳ ಲೆಕ್ಕ ಇದೆ, ನಾನು ನೋಡಿದೆ. ರೈತರಿಗೆ ಎಷ್ಟು ಉಪಕಾರ, ಎಷ್ಟು ಜನ ಹೊಗಳಿದರು ಎಂಬ ಪುಟಗಳನ್ನು ತೆಗೆದುಬಿಡಿ.

ಸೆಕ್ಷನ್ 3(ಕೆ) ಆಕ್ಷೇಪಣೆಯೂ ಇದೆ, ಇದು ಬರಿ ಆಲ್ಗಾರಿದಮ್ (ಲೆಕ್ಕದ ಕ್ರಮ), ಅದಕ್ಕೆ ಪೇಟೆಂಟ್ ಇಲ್ಲ ಎಂದು. ವೈರ್‌ಲೆಸ್ ಅರ್ಜಿಗಳಿಗೆ ಅದು ಬಂದೇ ಬರುತ್ತದೆ. ಮೋಟರ್, ಲೈನು, ರೇಡಿಯೋ ಮೇಲೆ ಆಗುವ ತಾಂತ್ರಿಕ ಪರಿಣಾಮ ತೋರಿಸಿ, ದೆಹಲಿ ಹೈಕೋರ್ಟಿನ 2019ರ ಫೆರಿದ್ ಅಲ್ಲಾನಿ ತೀರ್ಪು ಉಲ್ಲೇಖಿಸಿ.

ಉತ್ತರ ಒಪ್ಪಿಗೆಯಾಗದಿದ್ದರೆ ಹಿಯರಿಂಗ್ ಇಡುತ್ತಾರೆ. ಅದಾದ 15 ದಿನದೊಳಗೆ ಲಿಖಿತ ವಾದ ಕೊಡಬೇಕು. ಅಲ್ಲೂ ತಿರಸ್ಕಾರವಾದರೆ ಮೂರು ತಿಂಗಳೊಳಗೆ ಮೇಲ್ಮನವಿ ಹಾಕಬಹುದು. ಹಿಂದೆ ಇದ್ದ ಮೇಲ್ಮನವಿ ಮಂಡಳಿ 2021ರಲ್ಲಿ ರದ್ದಾಯಿತು. ಚೆನ್ನೈ ಆಫೀಸಿನ ಅರ್ಜಿಗಳು ಈಗ ಮದ್ರಾಸ್ ಹೈಕೋರ್ಟಿಗೆ ಹೋಗುತ್ತವೆ.

ಪತ್ರದ ಕೊನೆಯಲ್ಲಿ ನೀವು ಇನ್ನೊಂದು ಸುಧಾರಣೆ ಬರೆದು, ಈ ಸಲದ ಧಾರವಾಡ ಕೃಷಿ ಮೇಳದಲ್ಲಿ ಮಳಿಗೆ ಹಾಕಿ ತೋರಿಸುತ್ತೇವೆ ಎಂದಿದ್ದೀರಿ. ಅದು ಏನೆಂದು ನಾನು ಇಲ್ಲಿ ಬರೆದಿಲ್ಲ, ಬೇಕೆಂದೇ. ಅದು ಮೊದಲ ಅರ್ಜಿಯಲ್ಲಿ ಇಲ್ಲ. ಹತ್ತು ಜನರ ಎದುರು ಬಿಚ್ಚಿ ತೋರಿಸಿದರೆ ನಿಮ್ಮ ಮೇಲೆ ನೀವೇ ಡಿ1 ಆಗುತ್ತೀರಿ. ಮೇಳಕ್ಕೆ ಮುಂಚೆ ಅದಕ್ಕೊಂದು ಪ್ರಾವಿಷನಲ್ (ತಾತ್ಕಾಲಿಕ) ಅರ್ಜಿ ಹಾಕಿ. ವ್ಯಕ್ತಿಗಳಿಗೆ ಆನ್‌ಲೈನ್ ಶುಲ್ಕ 1,600 ರೂಪಾಯಿ. ಪೂರ್ತಿ ಅರ್ಜಿಗೆ 12 ತಿಂಗಳ ಕಾಲಾವಕಾಶ ಸಿಗುತ್ತದೆ. ರಸೀದಿ ಕೈಗೆ ಬಂದ ಮೇಲೆ ಮಳಿಗೆ ಹಾಕಿ.